ಸ್ತ್ರೀ ಗೌರವವಾಚಕಗಳು: ಕಬನೂರ ಸೀಮೆಯ ರೂಢಿ

ಹೆಣ್ಣುಮಗಳೊಬ್ಬಳನ್ನು ಕರೆಯುವಾಗ ಇಲ್ಲವೆ ಅವಳ ಹೆಸರು ಬರೆಯುವಾಗ ಹೆಸರಿಗೆ ಮೊದಲೋ ಕೊನೆಗೋ ಹಚ್ಚುವ ಮರ್ಯಾದೆಯ ಮಾತೇ ಗೌರವವಾಚಕ. ಸೌ., ಶ್ರೀಮತಿ, ಕುಮಾರಿ ಇವು ಬರಹದ ಗೌರವವಾಚಕಗಳು. ಅಕ್ಕ, ಅವ್ವ, ಬಾಯಿ, ವೈನಿ ಇವು ಬಾಯಿಮಾತಿನವು. ಒಂದೇ ಭಾಷೆಯ ಊರಿನಲ್ಲಿ ಇವನ್ನು ಆರಿಸಿಕೊಳ್ಳುವುದು ಕಷ್ಟವಲ್ಲ. ಕನ್ನಡ ಮರಾಠಿ ಎರಡೂ ಒಂದೇ ಅಂಗಳದಲ್ಲಿ ಕೇಳುವ ಕೊಲ್ಲಾಪುರ ಜಿಲ್ಲೆಯ ಕಬನೂರ, ಇಚಲಕರಂಜಿ, ಶಿರೋಳ, ಗಡಹಿಂಗ್ಲಜ ಕಡೆ ಮಾತ್ರ ಒಂದು ಶಬ್ದ ಎರಡು ಅರ್ಥ ಹೊತ್ತು ಓಡಾಡುತ್ತದೆ. ಒಂದು ಭಾಷೆಯಲ್ಲಿ ಮರ್ಯಾದೆಯಾದದ್ದು ಇನ್ನೊಂದರಲ್ಲಿ ಅಪಶಕುನವಾಗಿ ಕೇಳುತ್ತದೆ.

ಕಬನೂರ ಹಾತಕಣಂಗಲೆ ತಾಲೂಕಿನ ಊರು. ಇಚಲಕರಂಜಿಯ ಮಗ್ಗುಲಿಗೇ ಇದೆ. ಊರು ಎಲ್ಲಿ ಮುಗಿಯಿತು, ಪೇಟೆ ಎಲ್ಲಿ ಸುರುವಾಯಿತು ಎಂದು ಹೊಸಬರಿಗೆ ತಿಳಿಯುವುದಿಲ್ಲ. ವಿದ್ಯುತ್ ಮಗ್ಗಗಳ ಸದ್ದು ಎರಡಕ್ಕೂ ಒಂದೇ. ಲಿಂಗಾಯತರು, ಜೈನರು, ಮರಾಠರು, ಮುಸಲ್ಮಾನರು, ದಲಿತರು, ಮಗ್ಗದ ಕೆಲಸಕ್ಕೆಂದು ದೂರದಿಂದ ಬಂದು ನೆಲೆಸಿದವರು ಎಲ್ಲರೂ ಈ ಭಾಗದಲ್ಲಿ ಇದ್ದಾರೆ. ದೂಧಗಂಗೆಯ ಆಚೆ ಕರ್ನಾಟಕದ ಬೋರಗಾಂವ, ಸದಲಗಾ, ನಿಪ್ಪಾಣಿ. 1956ರ ರಾಜ್ಯ ಪುನರ್ವಿಂಗಡಣೆ ನಡುವೆ ಗೆರೆ ಎಳೆದರೂ ಹೆಣ್ಣು ಕೊಡುವ, ತರುವ ಸಂಬಂಧ ನಿಲ್ಲಲಿಲ್ಲ. ಅತ್ತೆ ಮರಾಠಿ ಶಾಲೆ ಕಲಿತವರು, ಸೊಸೆ ಕನ್ನಡ ಶಾಲೆ ಕಲಿತವಳು ಎಂಬ ಮನೆ ಇಲ್ಲಿ ಅಪರೂಪವಲ್ಲ. ಗೌರವವಾಚಕದ ತೊಡಕು ಹುಟ್ಟುವುದು ಆ ಮನೆಗಳಲ್ಲೇ.

ಶ್ರೀಮತಿ, ಸೌಭಾಗ್ಯವತಿ

ಸಂಸ್ಕೃತದ 'ಶ್ರೀಮತ್' ಶಬ್ದದ ಸ್ತ್ರೀಲಿಂಗ ರೂಪ ಶ್ರೀಮತಿ. ಸಿರಿಯುಳ್ಳವಳು ಎಂದಷ್ಟೇ ಅದರ ಅರ್ಥ. ಮದುವೆ, ಗಂಡ, ಕುಂಕುಮ ಯಾವುದೂ ಆ ಶಬ್ದದ ಹೊಟ್ಟೆಯಲ್ಲಿಲ್ಲ. ಕನ್ನಡದ ರೂಢಿ ಅದಕ್ಕೆ 'ಮದುವೆಯಾದವಳು' ಎಂಬ ಅರ್ಥ ಕೊಟ್ಟಿತು. 'ನಮ್ಮ ಶ್ರೀಮತಿಯವರು' ಎಂದರೆ ಹೆಂಡತಿ ಎಂದೇ ತಿಳಿಯುತ್ತಾರೆ. ಗಂಡ ತೀರಿಕೊಂಡ ಮೇಲೂ ಕನ್ನಡದಲ್ಲಿ ಶ್ರೀಮತಿ ಶ್ರೀಮತಿಯಾಗಿಯೇ ಉಳಿಯುತ್ತಾಳೆ.

ಮರಾಠಿಯ ರೂಢಿ ಬೇರೆ ದಾರಿ ಹಿಡಿಯಿತು. ಗಂಡನಿರುವವಳಿಗೆ 'ಸೌ.', ಅಂದರೆ ಸೌಭಾಗ್ಯವತಿ. ಮದುವೆಯಾಗದವಳಿಗೆ 'ಕು.', ಕುಮಾರಿ. ಶ್ರೀಮತಿ ಎಂಬುದನ್ನು ಗಂಡನನ್ನು ಕಳೆದುಕೊಂಡವಳಿಗೆಂದು ಎತ್ತಿಟ್ಟರು. ಸರ್ಕಾರಿ ಕಚೇರಿಗಳ ಮರಾಠಿಯಲ್ಲಿ ಮಹಿಳಾ ಅಧಿಕಾರಿಗಳ ಹೆಸರಿಗೆ ಶ್ರೀಮತಿ ಹಚ್ಚುವ ಪದ್ಧತಿ ಈಗ ಇದೆಯಾದರೂ ಮನೆಯ ಮರಾಠಿ ಇನ್ನೂ ಅದಕ್ಕೆ ಒಗ್ಗಿಲ್ಲ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಲಗ್ನಪತ್ರಿಕೆಯ ಮೇಲೆ ತನ್ನ ಹೆಸರಿಗೆ ಶ್ರೀಮತಿ ಎಂದಿರುವುದನ್ನು ನೋಡಿ ಈ ಕಡೆಯ ಮುತ್ತೈದೆ ನೊಂದುಕೊಳ್ಳುತ್ತಾಳೆ. 'ಗಂಡ ಗುಂಡಕಲ್ಲಿನಾಂಗ ಕುಂತಾನ, ಇವರ್ಯಾಕ ಶ್ರೀಮತಿ ಅಂತ ಬರದಾರ?' ಬರೆದವರಿಗೆ ಕೆಟ್ಟ ಮನಸ್ಸಿಲ್ಲ. ಅವರ ಭಾಷೆಯಲ್ಲಿ ಅದೇ ಸರಿ.

ಈ ಭೇದವನ್ನು ಹತ್ತಿರದಿಂದ ನೋಡಬೇಕೆಂದರೆ ಲಗ್ನಪತ್ರಿಕೆಯ ಪ್ರೂಫ್ ತಿದ್ದುವ ಹೊತ್ತಿಗೆ ಅಲ್ಲಿರಬೇಕು. ಹಿರಿಯರೊಬ್ಬರು ಕನ್ನಡಕ ಏರಿಸಿ, ಪೆನ್ನು ಹಿಡಿದು, ಹೆಸರು ಹೆಸರಾಗಿ ಇಳಿಯುತ್ತಾರೆ. ಗಂಡಸರ ಹೆಸರಿನಲ್ಲಿ ಅಕ್ಷರದ ತಪ್ಪಷ್ಟೇ ನೋಡುತ್ತಾರೆ. ಹೆಂಗಸರ ಹೆಸರು ಬಂದಾಗ ಪೆನ್ನು ನಿಲ್ಲುತ್ತದೆ. 'ಇವರ ಯಜಮಾನರು ಅದಾರೇನ?' 'ಹೋದ ವರ್ಷ ಹೋದ್ರಲ್ಲರಿ.' 'ಹಂಗಾರ ಸೌ. ತಗೀರಿ, ಶ್ರೀಮತಿ ಹಾಕ್ರಿ.' ಒಂದು ಅಕ್ಷರ ಹೋಗಿ ಮೂರು ಅಕ್ಷರ ಬರುತ್ತದೆ. ಪತ್ರಿಕೆ ಕೈಗೆ ಬಂದ ನೂರಾರು ಮಂದಿಗೆ ಆ ಮನೆಯ ಸಾವು ಮತ್ತೊಮ್ಮೆ ತಿಳಿಯುತ್ತದೆ. ಆ ಪಟ್ಟಿಯಲ್ಲೇ ಇರುವ, ಹೆಂಡತಿಯನ್ನು ಕಳೆದುಕೊಂಡ ಗಂಡಸಿನ ಹೆಸರು ಮೊದಲಿನ ಹಾಗೆಯೇ 'ಶ್ರೀ.' ಎಂದೇ ಅಚ್ಚಾಗುತ್ತದೆ.

ವಧೂವರರ ಉಪಾಧಿಗಳಲ್ಲೂ ಇದೇ ಓರೆ ಇದೆ. ಮರಾಠಿ ಪತ್ರಿಕೆಯಲ್ಲಿ ವರ 'ಚಿ.', ಚಿರಂಜೀವ, ಬಹುಕಾಲ ಬಾಳಲಿ ಎಂಬ ಹಾರೈಕೆ. ವಧು 'ಚಿ. ಸೌ. ಕಾಂ.', ಚಿರಂಜೀವ ಸೌಭಾಗ್ಯಕಾಂಕ್ಷಿಣಿ, ಸೌಭಾಗ್ಯವನ್ನು ಬಯಸುವವಳು. ಕನ್ನಡ ಪತ್ರಿಕೆಯ 'ಚಿ. ಕುಂ. ಸೌ.' ಎಂಬುದರಲ್ಲಿ ಕುಂಕುಮವೂ ಸೇರಿಕೊಳ್ಳುತ್ತದೆ. ವರನ ಉಪಾಧಿ ಅವನ ಆಯುಷ್ಯದ ಮಾತಾಡುತ್ತದೆ, ವಧುವಿನದು ಅವಳ ಆಯುಷ್ಯದ ಜೊತೆಗೆ ಅವನ ಆಯುಷ್ಯದ ಮಾತನ್ನೂ ಆಡುತ್ತದೆ.

ಗಂ. ಭಾ. ಮತ್ತು ಹೇರವಾಡದ ಠರಾವು

ವಿಧವೆಯ ಹೆಸರಿಗೆ ಮರಾಠಿಯಲ್ಲಿ ಶ್ರೀಮತಿಗಿಂತ ಹಳೆಯ ಉಪಾಧಿಯೊಂದಿದೆ: 'ಗಂ. ಭಾ.', ಗಂಗಾ ಭಾಗೀರಥಿ. ಹಳೆಯ ಕಾಗದಪತ್ರ, ಆಸ್ತಿಯ ದಾಖಲೆ, ಶ್ರಾದ್ಧದ ಆಮಂತ್ರಣಗಳಲ್ಲಿ ಇದು ಕಾಣುತ್ತದೆ. 2023ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಮಹಿಳಾ ಮತ್ತು ಬಾಲವಿಕಾಸ ಸಚಿವರಾಗಿದ್ದ ಮಂಗಲಪ್ರಭಾತ ಲೋಢಾ ಅವರು 'ವಿಧವೆ' ಎಂಬ ಮಾತಿನ ಬದಲಿಗೆ 'ಗಂಗಾ ಭಾಗೀರಥಿ' ಎಂದು ಬಳಸುವ ಬಗ್ಗೆ ಇಲಾಖೆಗೆ ಪತ್ರ ಬರೆದರು. ಅಂಗವಿಕಲರಿಗೆ 'ದಿವ್ಯಾಂಗ' ಎಂಬ ಹೆಸರು ಬಂದಂತೆ ಇದೂ ಗೌರವದ ಹೆಸರಾಗಲಿ ಎಂಬುದು ಅದರ ಹಿಂದಿನ ವಿಚಾರ. ಮಹಿಳಾ ಸಂಘಟನೆಗಳೂ ವಿರೋಧ ಪಕ್ಷದವರೂ ಕೂಡಲೇ ಎದ್ದು ನಿಂತರು. ಇದು ಚರ್ಚೆಗೆ ಇಟ್ಟ ಸಲಹೆ ಮಾತ್ರ, ತೀರ್ಮಾನವಲ್ಲ ಎಂದು ಸಚಿವರು ಸ್ಪಷ್ಟನೆ ಕೊಡಬೇಕಾಯಿತು.

ವಿರೋಧಿಸಿದವರ ಮಾತೇ ಸರಿಯಾಗಿತ್ತು. ಎಷ್ಟೇ ಪವಿತ್ರ ನದಿಯ ಹೆಸರಿಟ್ಟರೂ ಆ ಉಪಾಧಿಯ ಕೆಲಸ ಒಂದೇ. ಹೆಣ್ಣುಮಗಳ ಹೆಸರು ಓದುವ ಮೊದಲೇ ಅವಳ ಗಂಡ ಸತ್ತದ್ದನ್ನು ಓದಿಸುವುದು. ಗಂಡಸಿಗೆ ಅಂಥ ಉಪಾಧಿ ಕನ್ನಡದಲ್ಲೂ ಮರಾಠಿಯಲ್ಲೂ ಬೆಳೆದು ಬಂದಿಲ್ಲ.

ಸಚಿವರ ಪತ್ರಕ್ಕೆ ಒಂದು ವರ್ಷ ಮೊದಲು, ಕಬನೂರದಿಂದ ದೂರವೇನಲ್ಲದ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಇನ್ನೂ ಬೇರಿನ ಮಟ್ಟಕ್ಕೆ ಹೋಗಿತ್ತು. 2022ರ ಮೇ 4ರಂದು ಅಲ್ಲಿಯ ಗ್ರಾಮಸಭೆ ಒಂದು ಠರಾವು ಮಾಡಿತು. ಗಂಡ ಸತ್ತಾಗ ಹೆಂಡತಿಯ ಕುಂಕುಮ ಒರೆಸುವುದು, ಬಳೆ ಒಡೆಯುವುದು, ತಾಳಿ ತೆಗೆಯುವುದು, ಕಾಲುಂಗುರ ಕಳಚುವುದು ಇನ್ನು ಈ ಊರಲ್ಲಿ ನಡೆಯುವುದಿಲ್ಲ ಎಂಬುದೇ ಆ ಠರಾವು. ಕೊರೊನಾ ಕಾಲದಲ್ಲಿ ಚಿಕ್ಕ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಗಂಡನನ್ನು ಕಳೆದುಕೊಂಡದ್ದನ್ನು ಊರು ಕಣ್ಣಾರೆ ಕಂಡಿತ್ತು. ಆಗ ಸರಪಂಚರಾಗಿದ್ದವರು ಸುರಗೊಂಡ ಪಾಟೀಲ. ಮೇ 17ಕ್ಕೆ ಮಹಾರಾಷ್ಟ್ರ ಸರ್ಕಾರ ಸುತ್ತೋಲೆ ಹೊರಡಿಸಿ ರಾಜ್ಯದ ಉಳಿದ ಗ್ರಾಮ ಪಂಚಾಯತಿಗಳೂ ಹೇರವಾಡದ ದಾರಿ ಹಿಡಿಯಬೇಕೆಂದು ಹೇಳಿತು. ಹಾತಕಣಂಗಲೆ ತಾಲೂಕಿನ ಮಾಣಗಾಂವ ಕೂಡ ಆ ತಿಂಗಳೇ ಅಂಥ ಠರಾವು ಮಾಡಿತು. 1920ರಲ್ಲಿ ಕೊಲ್ಲಾಪುರ ಸಂಸ್ಥಾನದ ಶಾಹು ಮಹಾರಾಜರು ಮತ್ತು ಡಾ. ಅಂಬೇಡ್ಕರ್ ಒಂದೇ ವೇದಿಕೆಯಲ್ಲಿ ನಿಂತ ಪರಿಷತ್ತು ನಡೆದದ್ದು ಇದೇ ಮಾಣಗಾಂವದಲ್ಲಿ.

ಗೌರವವಾಚಕದ ಲೇಖನದಲ್ಲಿ ಬಳೆ ಕುಂಕುಮದ ಮಾತು ಯಾಕೆಂದರೆ, ಈ ಭಾಗದಲ್ಲಿ ಉಪಾಧಿಯನ್ನು ಆರಿಸುವುದು ಕಣ್ಣು. ಹಣೆ ನೋಡಿ, ಕೊರಳು ನೋಡಿ, ಕೈ ನೋಡಿ ಸೌ. ಅನ್ನಬೇಕೋ ಶ್ರೀಮತಿ ಅನ್ನಬೇಕೋ ಎಂದು ನಿರ್ಧರಿಸುತ್ತಾರೆ. ಕುಂಕುಮ ಅಳಿಸದಿದ್ದರೆ ಆ ಗುರುತೇ ಇಲ್ಲವಾಗುತ್ತದೆ. ಠರಾವು ಹೇರವಾಡದ ಮನೆ ಮನೆಗೆ ಎಷ್ಟು ಇಳಿಯಿತು ಎಂಬುದು ಬೇರೆ ಮಾತು. ಆದರೆ ಸಂಕ್ರಾಂತಿಯ ನಂತರದ ಹಳದಿ ಕುಂಕುಮಕ್ಕೆ ವಿಧವೆಯರನ್ನೂ ಕರೆದು ಎಳ್ಳು ಬೆಲ್ಲ ಕೊಡುವ ಕಾರ್ಯಕ್ರಮಗಳನ್ನು ಮಾಡಲು ಊರಿನವರಿಗೆ ಅದರಿಂದ ಧೈರ್ಯ ಬಂತು.

ಪಂಚಾಯತಿಯ ಫಲಕದಲ್ಲೂ ಈ ಉಪಾಧಿಗಳನ್ನು ಕಾಣಬಹುದು. ಮಹಾರಾಷ್ಟ್ರದ ಸ್ಥಳೀಯ ಸಂಸ್ಥೆಗಳಲ್ಲಿ 2011ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಹಾಗಾಗಿ ಗೋಡೆಯ ಮೇಲಿನ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರುಗಳು ಸಾಲಾಗಿ ಬರುತ್ತವೆ: ಮೊದಲು ಸೌ., ಆಮೇಲೆ ಅವಳ ಹೆಸರು, ಆಮೇಲೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ಗೆದ್ದವಳ ಹೆಸರಿಗೆ ಎರಡು ಕಡೆಯಿಂದಲೂ ಗಂಡನ ಸಾಕ್ಷಿ. ಮಹಾರಾಷ್ಟ್ರ ಸರ್ಕಾರ 2024ರ ಮೇ 1ರ ನಂತರ ಹುಟ್ಟಿದವರ ಹೆಸರಿನಲ್ಲಿ ತಂದೆಗಿಂತ ಮೊದಲು ತಾಯಿಯ ಹೆಸರು ಬರಬೇಕೆಂದು ಕಡ್ಡಾಯ ಮಾಡಿದೆ. ಮದುವೆಯಾದ ಹೆಣ್ಣಿನ ಹೆಸರಿನ ಜೊತೆ ಗಂಡನ ಹೆಸರು ಬರೆಯುವ ರೂಢಿಯನ್ನು ಮಾತ್ರ ಅದು ಇದ್ದ ಹಾಗೇ ಬಿಟ್ಟಿದೆ.

ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಈ ಭಾಗದಿಂದ ಹೋಗುವ ಭಕ್ತರು ಬಹಳ. ಅಲ್ಲಿ ಹುಣ್ಣಿಮೆಗಳಿಗೂ ಗಂಡ ಇದ್ದಾನೋ ಇಲ್ಲವೋ ಎಂಬ ಇದೇ ಲೆಕ್ಕದ ಹೆಸರು ಬಿದ್ದಿದೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಗೆ ದೇವಿಯ ವೈಧವ್ಯದ ನೆನಪಲ್ಲಿ ರಂಡಿ ಹುಣ್ಣಿಮೆ ಎಂದೂ ಮಾಘದ ಭಾರತ ಹುಣ್ಣಿಮೆಗೆ ಮುತ್ತೈದೆ ಹುಣ್ಣಿಮೆ ಎಂದೂ ಕರೆಯುತ್ತಾರೆ. ಮೊದಲನೆಯ ಹೆಸರಿನ ಶಬ್ದ ಊರೊಳಗೆ ಬೈಗಳು. ಮನುಷ್ಯರಿಗೆ ಮಾತ್ರವಲ್ಲ, ತಾವು ಪೂಜಿಸುವ ದೇವಿಗೂ ಜನ ಇದೇ ಅಳತೆ ಹಚ್ಚಿದ್ದಾರೆ.

ಅರಮನೆಯ ಹೆಂಗಸರು

ಗಂಡ ಹೋದರೆ ಉಪಾಧಿಯೂ ಬದಲಾಗಬೇಕೆಂಬ ನಿಯಮ ಅರಮನೆಯಲ್ಲಿ ನಡೆಯಲಿಲ್ಲ. ಕೊಲ್ಲಾಪುರ ಸಂಸ್ಥಾನ ಕಟ್ಟಿದ ತಾರಾಬಾಯಿ 1700ರಲ್ಲಿ ಗಂಡ ರಾಜಾರಾಮನನ್ನು ಕಳೆದುಕೊಂಡ ಮೇಲೆಯೇ ರಾಜ್ಯದ ಚುಕ್ಕಾಣಿ ಹಿಡಿದವಳು. ಜನ ಅವಳನ್ನು ತಾರಾರಾಣಿ ಎಂದೇ ನೆನೆಯುತ್ತಾರೆ. ಶಾಹು ಮಹಾರಾಜರ ಕಿರಿಯ ಮಗ 1918ರಲ್ಲಿ ತೀರಿಕೊಂಡಾಗ ಸೊಸೆ ಇಂದುಮತಿದೇವಿ ಇನ್ನೂ ಹುಡುಗಿ. ಮಾವ ಅವರನ್ನು ಓದಿಸಿದರು. ಕೊನೆಯವರೆಗೂ ಅವರು ಇಂದುಮತಿ ರಾಣಿಸಾಹೇಬರಾಗಿಯೇ ಉಳಿದರು. ಶಾಹು ಅದಕ್ಕೆ ಹಿಂದಿನ ವರ್ಷ, 1917ರಲ್ಲಿ, ತಮ್ಮ ಸಂಸ್ಥಾನದಲ್ಲಿ ವಿಧವೆಯರ ಮರುಮದುವೆಯನ್ನು ನೋಂದಾಯಿಸುವ ಕಾಯಿದೆ ತಂದಿದ್ದರು. ಮೈಸೂರಲ್ಲೂ ಹೀಗೆಯೇ: ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡ ಮೇಲೆ ರಾಜಪ್ರತಿನಿಧಿಯಾದ ಕೆಂಪನಂಜಮ್ಮಣ್ಣಿ 'ವಾಣಿವಿಲಾಸ ಸನ್ನಿಧಾನ' ಎಂಬ ಹೆಸರಿನಿಂದ ಪ್ರಸಿದ್ಧರಾದರು. ಪದವಿ ಇದ್ದಲ್ಲಿ ಉಪಾಧಿ ಗಂಡನೊಂದಿಗೆ ಸಾಯಲಿಲ್ಲ.

ಬಾಯಿಮಾತಿನ ದಾರಿ

ಬರಹ ಹೀಗೆ ಹೆಣ್ಣನ್ನು ಗಂಡನ ಲೆಕ್ಕದಿಂದ ಮೂರು ಭಾಗ ಮಾಡಿದರೆ, ಬಾಯಿಮಾತು ಅಷ್ಟು ಕಠಿಣವಲ್ಲ. ಕಬನೂರದ ಓಣಿಯಲ್ಲಿ ಯಾರೂ ಯಾರನ್ನೂ 'ಶ್ರೀಮತಿಯವರೇ' ಎಂದು ಕರೆಯುವುದಿಲ್ಲ. ಸಂಬಂಧ ಹಚ್ಚಿ ಕರೆಯುತ್ತಾರೆ. ಅಲ್ಲಿಯೂ ಎರಡು ಭಾಷೆಗಳ ಬಲೆ ಇದೆ. ಆದರೆ ಅದರಲ್ಲಿ ಸಿಕ್ಕಿಬಿದ್ದವರಿಗೆ ನೋವಾಗುವುದು ಕಡಿಮೆ.

ಎಲ್ಲಕ್ಕಿಂತ ದೊಡ್ಡ ಬಲೆ 'ತಾಯಿ' ಎಂಬ ಶಬ್ದ. ಕನ್ನಡದಲ್ಲಿ ತಾಯಿ ಹೆತ್ತವಳು. ಮರಾಠಿಯಲ್ಲಿ ಕಿವಿಗೆ ಹಾಗೆಯೇ ಕೇಳುವ ಶಬ್ದಕ್ಕೆ ಅಕ್ಕ ಎಂಬ ಅರ್ಥ. ಮರಾಠಿ ಮಾತಾಡುವ ಹುಡುಗ ತನಗಿಂತ ನಾಲ್ಕು ವರ್ಷ ದೊಡ್ಡವಳಾದ ಕನ್ನಡದ ಹುಡುಗಿಯನ್ನು ತಾಯಿ ಎಂದರೆ ಮೊದಲ ಸಲ ಅವಳು ಬೆಚ್ಚುತ್ತಾಳೆ. 'ಆಯಿ' ಕೂಡ ಹೀಗೆಯೇ. ಮರಾಠಿಯಲ್ಲಿ ಅದು ಅವ್ವ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಜ್ಜಿ. ಉತ್ತರ ಕನ್ನಡದ ಹವ್ಯಕರಲ್ಲಿ ಮತ್ತೆ ಅವ್ವ. ಶಬ್ದ ಒಂದೇ, ಊರು ದಾಟಿದ ಹಾಗೆ ತಲೆಮಾರು ಬದಲಾಗುತ್ತದೆ.

ಈ ಬಲೆಯೇ ಒಂದು ಹೆಸರಿನಲ್ಲಿ ಅಲಂಕಾರವಾಯಿತು. ಸೊಲ್ಲಾಪುರದಲ್ಲಿ ಹುಟ್ಟಿ ಬೆಳೆದು ಕನ್ನಡದಲ್ಲಿ ಬರೆದ, ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಜಯದೇವಿತಾಯಿ ಲಿಗಾಡೆ (1912–1986) ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆ, 1974ರಲ್ಲಿ, ಮಂಡ್ಯದಲ್ಲಿ. ಮರಾಠಿಯವರ ಕಿವಿಗೆ ಅವರು ಅಕ್ಕ, ಮಂಡ್ಯದವರ ಕಿವಿಗೆ ಹೆತ್ತ ತಾಯಿ. ಎರಡು ಭಾಷೆಗಳೂ ತಮ್ಮ ತಮ್ಮ ಅರ್ಥದಲ್ಲಿ ಗೌರವಿಸಿದ ಇಂಥ ಇನ್ನೊಂದು ಹೆಸರು ಗಡಿಯಲ್ಲಿ ಸಿಗುವುದು ಕಷ್ಟ.

'ಅಕ್ಕ' ಇಲ್ಲಿ ಯಾರಿಗೂ ತೊಡಕಿಲ್ಲದ ಮಾತು. ಕನ್ನಡದಿಂದ ಮರಾಠಿಗೆ ಹೋದ ಅಣ್ಣ, ಅಪ್ಪ, ಅಕ್ಕಗಳಲ್ಲಿ ಅದೂ ಒಂದು. ಕೊಲ್ಲಾಪುರದ ಮರಾಠಿಯಲ್ಲಿ ಅದು ಮನೆಮಾತೇ ಆಗಿದೆ. ರಾಜಮನೆತನದಲ್ಲಿ ಶಾಹು ಮಹಾರಾಜರ ಮಗಳು ಅಕ್ಕಾಸಾಹೇಬ ಎನ್ನಿಸಿಕೊಂಡರು. ಗಡಿಯ ಕನ್ನಡ ಶಾಲೆಗಳಲ್ಲಿ ಹಳೆಯ ತಲೆಮಾರಿನವರಿಗೆ ಶಿಕ್ಷಕಿ ಎಂದರೆ 'ಅಕ್ಕೋರು'; ಮರಾಠಿ ಶಾಲೆಯಲ್ಲಿ ಅದೇ ಶಿಕ್ಷಕಿ 'ಬಾಯಿ'. ಈಗ ಎರಡೂ ಕಡೆ 'ಮ್ಯಾಡಮ್' ಬಂದಿದೆ. ಅಣ್ಣನ ಹೆಂಡತಿ ವೈನಿ, ಮರಾಠಿಯ ವಹಿನಿಯಿಂದ. ಕಾಕಾನ ಹೆಂಡತಿ ಕಾಕು. ತಾಯಿಯ ತಂಗಿ ಮಾವಶಿ. ತರಕಾರಿ ಮಾರುವವಳೂ ಮಾವಶಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತಳೂ ಮಾವಶಿ. ಮುಸಲ್ಮಾನರ ಮನೆಗಳಲ್ಲಿ ಆಪಾ, ಭಾಬಿ, ಖಾಲಾ. ಓಣಿಯ ಹಿಂದೂ ಹುಡುಗರೂ ಅವರನ್ನು ಹಾಗೆಯೇ ಕರೆಯುತ್ತಾರೆ. ಜೈನ ಸನ್ಯಾಸಿನಿಯರಾದ ಆರ್ಯಿಕೆಯರಿಗೆ ವಯಸ್ಸು ಎಷ್ಟೇ ಇರಲಿ 'ಮಾತಾಜಿ' ಎಂಬ ಒಂದೇ ಮಾತು.

ಮಗ್ಗದ ಶೆಡ್ಡುಗಳಲ್ಲಿ ನೂಲಿನ ಕಾಂಡಿ ಸುತ್ತುವವರು ಬಹಳ ಮಟ್ಟಿಗೆ ಹೆಂಗಸರೇ. ಅಲ್ಲಿ ಸದ್ದಿನಲ್ಲಿ ಒಂದು ಮಾತು ಇನ್ನೊಬ್ಬರಿಗೆ ತಲುಪಬೇಕಾದರೆ ಅದು ಚಿಕ್ಕದಿರಬೇಕು, ಕೊನೆಗೆ ಎಳೆಯಲು ಬರಬೇಕು. 'ಅಕ್ಕಾ', 'ವೈನೀ', 'ಯವ್ವಾ' ನಿಲ್ಲುತ್ತವೆ. ಆದರೆ ಕನ್ನಡದ ಮರ್ಯಾದೆ ಮುಕ್ಕಾಲು ಪಾಲು ಹೀಗೆ ಕರೆಯುವ ಹೆಸರಿನಲ್ಲಿ ಇಲ್ಲ, ಕ್ರಿಯಾಪದದಲ್ಲಿದೆ. 'ಬಾ ಬೇ' ಎಂದರೆ ಅವ್ವನ ಹತ್ತಿರದ ಸಲಿಗೆ. 'ಬಾರವಾ' ಎಂದರೆ ಪ್ರೀತಿ ಬೆರೆತ ಗೌರವ. 'ಬರ್ರಿ ಅಕ್ಕಾರ' ಎಂದರೆ ಪೂರ್ತಿ ಮರ್ಯಾದೆ. 'ಅಕ್ಕ' ಎಂದು ಕರೆದು 'ಬಾ' ಎನ್ನುವುದಕ್ಕೂ ಹೆಸರು ಹಿಡಿದೇ 'ಬರ್ರಿ' ಎನ್ನುವುದಕ್ಕೂ ತೂಕ ಬೇರೆ. ಹೊರಗಿನಿಂದ ಬಂದವರು ಉಪಾಧಿಯನ್ನು ಕಷ್ಟಪಟ್ಟು ಕಲಿತು ಈ 'ರಿ'ಯನ್ನು ಮರೆಯುತ್ತಾರೆ, ತಪ್ಪುವುದು ಅಲ್ಲೇ.

ಬಾಯಿ

'ಬಾಯಿ'ಗೆ ಬೇರೆಯದೇ ಕತೆ ಇದೆ. ಜಿಜಾಬಾಯಿ, ತಾರಾಬಾಯಿ, ಅಹಿಲ್ಯಾಬಾಯಿ ಎಂಬಲ್ಲಿ ಅದು ಉಚ್ಚ ಗೌರವ. ಸಾವಿತ್ರಿಬಾಯಿ ಫುಲೆಯವರ ಹೆಸರಲ್ಲಿ ಇಂದಿಗೂ ಹಾಗೆಯೇ. ಆದರೆ ಪಟ್ಟಣದ ಮನೆಗಳಲ್ಲಿ ಮುಸುರೆ ತೊಳೆಯಲು ಬರುವವಳೂ ಬಾಯಿ, ಹಾಡುವವಳೂ ಬಾಯಿ. ಕೊಲ್ಲಾಪುರದ ಆಸ್ಥಾನದಲ್ಲಿ ಅಲ್ಲಾದಿಯಾ ಖಾನರು 'ಖಾನಸಾಹೇಬ'ರಾದರು. ಅವರಲ್ಲಿ ಕಲಿತು ಅದೇ ಎತ್ತರಕ್ಕೆ ಏರಿದ ಕೇಸರಬಾಯಿ ಕೇರಕರ, ಮೊಗುಬಾಯಿ ಕುರ್ಡಿಕರ ಬಾಯಿಗಳಾಗಿಯೇ ಉಳಿದರು. ನಮ್ಮ ಗಂಗೂಬಾಯಿ ಹಾನಗಲ್ (1913–2009) ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ: ಗಂಡಸು ಹಾಡಿದರೆ ಧರ್ಮ ನೋಡಿ ಪಂಡಿತನೋ ಉಸ್ತಾದನೋ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯೇ ಎಂಬುದು ಅವರ ಮಾತಿನ ಸಾರ. ಅವರು ಹೆಸರಿನಿಂದ ಆ ಬಾಯಿಯನ್ನು ತೆಗೆಯಲಿಲ್ಲ; ಕೇಳುವವರ ಮನಸ್ಸಿನಲ್ಲಿ ಅದರ ಬೆಲೆ ಏರುವ ತನಕ ಹಾಡಿದರು.

ಶಾಸನಗಳಲ್ಲಿ

ಹೆಣ್ಣನ್ನು ಗಂಡನಿಂದ ಅಳೆಯುವ ಇಂದಿನ ಈ ಲೆಕ್ಕ ಎಲ್ಲ ಕಾಲಕ್ಕೂ ಇರಲಿಲ್ಲ. ಹಳಗನ್ನಡದ ಕಾಲದಲ್ಲಿ ಹೆಣ್ಣಿನ ಹೆಸರಿಗೆ ಅಬ್ಬೆ, ಅಕ್ಕ, ಅರಸಿ, ದೇವಿ ಸೇರುತ್ತಿದ್ದವು. ಲಕ್ಕುಂಡಿಯ ಅತ್ತಿಮಬ್ಬೆ ಗಂಡನನ್ನು ಕಳೆದುಕೊಂಡ ಮೇಲೆಯೇ ರನ್ನನ 'ಅಜಿತ ಪುರಾಣ'ಕ್ಕೆ (993) ಆಶ್ರಯ ಕೊಟ್ಟವಳು, ಬಸದಿ ಕಟ್ಟಿಸಿದವಳು. ಅವಳಿಗೆ ಸಿಕ್ಕ ಬಿರುದು 'ದಾನಚಿಂತಾಮಣಿ'. ಚಾಲುಕ್ಯರ ಅಕ್ಕಾದೇವಿ 1047ರ ಸುಮಾರಿಗೆ ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಅವಳ ಬಿರುದು 'ಗುಣದ ಬೆಡಂಗಿ'. ಎರಡೂ ಬಿರುದುಗಳು ಅವರು ಮಾಡಿದ ಕೆಲಸವನ್ನು, ಅವರ ಗುಣವನ್ನು ಹೇಳುತ್ತವೆ. ಹನ್ನೆರಡನೆಯ ಶತಮಾನದ ಶರಣರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಲೋಕದ ಗಂಡನನ್ನು ಬಿಟ್ಟು ಬಂದ ಮಹಾದೇವಿಯನ್ನು ವಯಸ್ಸಿನಲ್ಲಿ ಎಷ್ಟೋ ಹಿರಿಯರಾದವರು 'ಅಕ್ಕ' ಎಂದರು. ಇಂದು ಹೆಸರು ಹೇಳದೆ ಬರಿಯ ಅಕ್ಕ ಎಂದರೂ ಕನ್ನಡಿಗರಿಗೆ ಅವಳೇ ನೆನಪಾಗುತ್ತಾಳೆ.

ಬೇರೆ ನಾಡುಗಳಲ್ಲಿ

ಇಂಗ್ಲಿಷಿನ ಮಿಸ್, ಮಿಸೆಸ್ ಎರಡೂ 'ಮಿಸ್ಟ್ರೆಸ್' ಎಂಬ ಒಂದೇ ಶಬ್ದದ ಮಕ್ಕಳು. ಹದಿನೆಂಟನೆಯ ಶತಮಾನದಲ್ಲಿ ಮಿಸೆಸ್ ಎಂದರೆ ಮನೆಯೊಡತಿ ಎಂದಾಗುತ್ತಿತ್ತೇ ಹೊರತು ಮದುವೆಯಾದವಳು ಎಂದೇ ಆಗಬೇಕಿರಲಿಲ್ಲ. ನಮ್ಮ ಶ್ರೀಮತಿಗೆ ಆದದ್ದೇ ಅದಕ್ಕೂ ಆಯಿತು. ಮದುವೆಯ ಸುದ್ದಿ ಹೇಳದ 'ಮಿಜ಼್' ಎಂಬ ಉಪಾಧಿಯನ್ನು 1901ರಲ್ಲೇ ಅಮೆರಿಕದ ಪತ್ರಿಕೆಯೊಂದು ಸೂಚಿಸಿತ್ತು. ಅದು ನೆಲೆಯೂರಿದ್ದು 1970ರ ದಶಕದಲ್ಲಿ. ನ್ಯೂಯಾರ್ಕ್ ಟೈಮ್ಸ್ ಅದನ್ನು ಒಪ್ಪಿದ್ದು 1986ರಲ್ಲಿ. ಪಶ್ಚಿಮ ಜರ್ಮನಿ 1972ರಲ್ಲಿ ಮದುವೆಯಾಗದವಳಿಗೆ ಹಚ್ಚುತ್ತಿದ್ದ 'ಫ್ರಾಯ್ಲೈನ್' ಎಂಬುದನ್ನು, ಫ್ರಾನ್ಸ್ 2012ರಲ್ಲಿ ಅಂಥದೇ 'ಮದ್ಮ್ವಾಜೆಲ್' ಎಂಬುದನ್ನು ಸರ್ಕಾರಿ ಕಾಗದಗಳಿಂದ ತೆಗೆದವು. ಹಿಂದಿಯಲ್ಲಿ ಮದುವೆಯ ಸುದ್ದಿ ಹೇಳದ 'ಸುಶ್ರೀ' ಇದೆ. ಕನ್ನಡದಲ್ಲಿ ಅದು ಅಷ್ಟಾಗಿ ರೂಢಿಗೆ ಬಂದಿಲ್ಲ, ಬರಬೇಕಾದ ಅಗತ್ಯವೂ ಕಾಣದು. ಉಪಾಧಿ ಹಚ್ಚಬೇಕೆಂದು ಮಹಿಳೆಯರನ್ನು ಒತ್ತಾಯಿಸಬಾರದೆಂದು ಕೋರಿದ ಅರ್ಜಿಯೊಂದನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಹಚ್ಚುವುದು ಬಿಡುವುದು ಆಯಾ ಹೆಣ್ಣಿನ ಇಚ್ಛೆ ಎಂಬ ನಿಲುವು ಅದರದು.

ಆರಿಸುವ ಬಗೆ

ಕಬನೂರ ಕಡೆ ಪತ್ರ, ಆಮಂತ್ರಣ, ಸನ್ಮಾನದ ಫಲಕ ಬರೆಯುವವರು ಮೊದಲು ನೋಡಬೇಕಾದದ್ದು ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆ, ಓದುವವರು ಯಾವ ಭಾಷೆಯವರು ಎಂಬುದನ್ನು. ಕನ್ನಡದಲ್ಲಿ ಶ್ರೀಮತಿ ನಡೆಯುತ್ತದೆ. ಅದೇ ಪತ್ರಿಕೆ ಮರಾಠಿಯಲ್ಲೂ ಅಚ್ಚಾಗುವುದಿದ್ದರೆ ನಡೆಯುವುದಿಲ್ಲ. ಕೇಳುವುದು ಎಲ್ಲಕ್ಕಿಂತ ಒಳ್ಳೆಯದು: 'ನಿಮ್ಮ ಹೆಸರ ಹೆಂಗ ಬರೀಲಿರಿ?' ಈ ಪ್ರಶ್ನೆಗೆ ಯಾರೂ ಸಿಟ್ಟಾಗುವುದಿಲ್ಲ. ಡಾಕ್ಟರ್, ಪ್ರಾಚಾರ್ಯೆ, ಸರಪಂಚ, ವಕೀಲೆ ಹೀಗೆ ಅವಳ ಕೆಲಸದ ಹೆಸರಿದ್ದರೆ ಅದೇ ಸಾಕು. ಅದೂ ಇಲ್ಲದಿದ್ದರೆ ಹೆಸರು ಬರೆದು 'ಅವರು' ಸೇರಿಸಿದರೆ ಕನ್ನಡಕ್ಕೆ ಪೂರ್ಣ ಗೌರವ ಬರುತ್ತದೆ. ಮದುವೆಯಾದವಳೋ ಆಗದವಳೋ, ಗಂಡ ಇದ್ದಾನೋ ಇಲ್ಲವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗಂ. ಭಾ. ಎಂಬುದನ್ನು ಇನ್ನು ಯಾರ ಹೆಸರಿಗೂ ಹಚ್ಚಬಾರದು.

ಈ ಸೀಮೆಯಲ್ಲಿ ಇನ್ನೊಂದು ಬಗೆಯ ಕರೆಯೂ ಇದೆ. ಸೊಸೆಯಾಗಿ ಬಂದವಳಿಗೆ ಅವಳ ತವರೂರನ್ನೇ ಹೆಸರು ಮಾಡುವುದು. ಒಂದೇ ಮನೆಯಲ್ಲಿ ಮೂವರು ಅತ್ತೆಯರಿದ್ದರೆ ಒಬ್ಬರು ಶಿರೋಳ ಅತ್ತಿ, ಒಬ್ಬರು ಹುಪರಿ ಅತ್ತಿ, ಒಬ್ಬರು ಸಾಂಗ್ಲಿ ಅತ್ತಿ. ಗಂಡ ಇರಲಿ ಹೋಗಲಿ, ಮಕ್ಕಳಾಗಲಿ ಬಿಡಲಿ, ಆ ಕರೆ ಬದಲಾಗುವುದಿಲ್ಲ. ನಿಪ್ಪಾಣಿಯ ಒಂದು ಮನೆಗೆ ನಲವತ್ತು ವರ್ಷದ ಹಿಂದೆ ಸೊಸೆಯಾಗಿ ಹೋದವಳು, ಕಬನೂರವನ್ನು ಒಮ್ಮೆಯೂ ನೋಡದ ಆ ಮನೆಯ ಹೊಸ ಸೊಸೆಯಂದಿರ ಬಾಯಲ್ಲಿ ಇಂದಿಗೂ 'ಕಬನೂರ ಅತ್ತಿ'ಯೇ.